ಬಲಗಡೆಯ ಲಬ್-ಡಬ್

ಹೊಸ ಡಾಕ್ಟರ ಮುಂದೆ ಕೂತಾಗ ನನಗೊಂದು ಕೆಟ್ಟ ಚಾಳಿಯಿದೆ. ಶೀತವೋ ಕೆಮ್ಮೋ, ಬಂದಿರುವ ಕಾಯಿಲೆಯನ್ನಷ್ಟೇ ಹೇಳಿ ಸುಮ್ಮನಾಗಿಬಿಡುತ್ತೇನೆ. ಅವರು ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು ಅದರ ತಣ್ಣನೆಯ ಬಿಲ್ಲೆಯನ್ನು ನನ್ನ ಎದೆಯ ಎಡಗಡೆ ಇಡುತ್ತಾರೆ. ಕೇಳುತ್ತಾರೆ. ಅತ್ತ ಇತ್ತ ಸರಿಸಿ ಮತ್ತೆ ಕೇಳುತ್ತಾರೆ. ಬಿಲ್ಲೆಯನ್ನು ಬೆರಳಿನಿಂದ ಕುಟ್ಟಿ, ಯಂತ್ರ ಸರಿಯಿದೆಯೇ ಎಂದು ನೋಡಿಕೊಳ್ಳುತ್ತಾರೆ. ಆಮೇಲೆ ತಲೆಯೆತ್ತಿ ನನ್ನ ಮುಖ ನೋಡುತ್ತಾರೆ. ಆ ನೋಟಕ್ಕಾಗಿಯೇ ನಾನು ಕಾದಿರುವುದು. ಎಷ್ಟೇ ಓದಿದವರಾದರೂ ಆ ಒಂದು ಕ್ಷಣ, ತಮ್ಮೆದುರಿಗೆ ಉಸಿರಾಡುತ್ತ ಕೂತಿರುವವಳು ಬದುಕಿದ್ದಾಳೋ ಇಲ್ಲವೋ ಎಂದು ಅನುಮಾನಿಸುತ್ತಾರೆ. "ಬಲಗಡೆ ನೋಡಿ ಡಾಕ್ಟ್ರೇ" ಎಂದು ಆಗ ಹೇಳುತ್ತೇನೆ.

ನನ್ನ ಹೃದಯ ಇರುವುದು ಬಲಗಡೆ. ಇದನ್ನು ಕವಿತೆಯ ಅರ್ಥದಲ್ಲಿ ತೆಗೆದುಕೊಳ್ಳಬೇಡಿ, ಮಾಂಸಖಂಡದ ಅರ್ಥದಲ್ಲೇ ಹೇಳುತ್ತಿದ್ದೇನೆ. ನೀವು ಈಗ ನಿಮ್ಮ ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುತ್ತೀರಿ ಎಂದು ನನಗೆ ಗೊತ್ತು. ನೋಡಿಕೊಳ್ಳಿ, ಅವಸರವಿಲ್ಲ. ಈ ವಿಷಯ ಕೇಳಿದವರೆಲ್ಲ ಮೊದಲು ಮಾಡುವುದು ಅದನ್ನೇ.

ಹಾಗೆ ಕೈಯಿಟ್ಟು ನೋಡಿಕೊಳ್ಳುವುದರಲ್ಲಿ ನಾನು ಎಲ್ಲರಿಗಿಂತ ಮುಂದಿದ್ದವಳು. ಅರಸೀಕೆರೆಯ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರು ನಮ್ಮನ್ನೆಲ್ಲ ಮೈದಾನದ ಸುತ್ತ ಓಡಿಸಿ, ತಂದು ನಿಲ್ಲಿಸಿ, "ಈಗ ನಿಮ್ಮ ಹೃದಯದ ಮೇಲೆ ಕೈಯಿಡಿ" ಎಂದರು. ಏದುಸಿರು ಬಿಡುತ್ತಿದ್ದ ನಾನು, ಎಲ್ಲಿ ಹೊಡೆದುಕೊಳ್ಳುತ್ತಿತ್ತೋ ಅಲ್ಲೇ ಕೈಯಿಟ್ಟೆ. ಮೇಷ್ಟ್ರು ಹತ್ತಿರ ಬಂದು, "ಊಟ ಮಾಡೋ ಕೈ ಯಾವುದೇ?" ಎಂದು ಕೇಳಿದರು. ಎತ್ತಿ ತೋರಿಸಿದೆ. "ಅದು ಬಲ. ಹೃದಯ ಅದರ ಎದುರುಗಡೆ" ಎಂದು ತಲೆಗೊಂದು ಮೊಟಕಿದರು. ಕೈಯನ್ನು ಎಡಕ್ಕೆ ಸರಿಸಿದೆ. ಅಲ್ಲಿ ಹೆಚ್ಚೇನೂ ನಡೆಯುತ್ತಿರಲಿಲ್ಲ. ಆದರೆ ಪುಸ್ತಕದಲ್ಲಿ ಎಡಗಡೆ ಎಂದಿತ್ತು, ಪಕ್ಕದವರೆಲ್ಲ ಎಡಗಡೆ ಹಿಡಿದುಕೊಂಡಿದ್ದರು, ಮೇಲಾಗಿ ಮೊಟಕಿಸಿಕೊಂಡೂ ಆಗಿತ್ತು. ಅಂದಿನಿಂದ ನನ್ನ ಹೃದಯ ಎಡಗಡೆಯೇ ಇದೆ ಎಂದು ನಂಬಿದೆ. ಬಲಗಡೆ ಹೊಡೆದುಕೊಳ್ಳುತ್ತಿದ್ದದ್ದು ಏನು ಎಂದು ಮತ್ತೆ ಯಾರನ್ನೂ ಕೇಳಲಿಲ್ಲ. ಮಕ್ಕಳು ದೊಡ್ಡವರ ಮಾತಿಗೆ ಎಷ್ಟರಮಟ್ಟಿಗೆ ಬೆಲೆ ಕೊಡುತ್ತಾರೆ ನೋಡಿ.

ತೊಂಬತ್ತರ ದಶಕದ ನಡುವಿನಲ್ಲಿ ಊರಿನ ಕಾಲೇಜಿನಲ್ಲೇ ಬಿ.ಎಸ್ಸಿ. ಓದುತ್ತಿದ್ದೆ. ಪ್ರಾಣಿಶಾಸ್ತ್ರ ತೆಗೆದುಕೊಂಡಿದ್ದೆ ಎಂಬುದನ್ನು ಮನೆಯಲ್ಲಿ ಸ್ವಲ್ಪ ತೇಲಿಸಿ ಹೇಳಿದ್ದೆ. ನಮ್ಮದು ಲಿಂಗಾಯತರ ಮನೆ, ಅಪ್ಪ ಕೊಬ್ಬರಿ ವ್ಯಾಪಾರಿ. ಕಪ್ಪೆ ಕೊಯ್ದ ದಿನ ಹಿತ್ತಲ ಬಾಗಿಲಿನಿಂದ ಬಂದು ನೇರವಾಗಿ ಬಚ್ಚಲಿಗೆ ಹೋಗುತ್ತಿದ್ದೆ. "ಈ ಹುಡುಗಿ ಕಾಲೇಜಿಗೆ ಸೇರಿದ ಮೇಲೆ ಮಡಿ ಜಾಸ್ತಿ ಆಗೈತೆ" ಎಂದು ಅಜ್ಜಿ ಸಂತೋಷಪಡುತ್ತಿದ್ದಳು.

ಈ ಅಜ್ಜಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಅಪ್ಪನ ತಾಯಿ. ಅಮ್ಮನಿಗೂ ಅಜ್ಜಿಯೇ. ಏಕೆಂದರೆ ಅಮ್ಮ ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಹೀಗಾಗಿ ನಮ್ಮ ಮನೆಯಲ್ಲಿ ನಾನೂ ಅಮ್ಮನೂ ಒಬ್ಬಳನ್ನೇ ಅಜ್ಜಿ ಎನ್ನುತ್ತಿದ್ದೆವು, ಅಮ್ಮ ಅಪ್ಪನನ್ನು ಕಡೆಯವರೆಗೂ ಮಾವ ಎಂದೇ ಕರೆಯುತ್ತಿದ್ದಳು. ನಮ್ಮ ಕಡೆ ಇದರಲ್ಲಿ ಯಾರಿಗೂ ವಿಶೇಷ ಕಾಣುತ್ತಿರಲಿಲ್ಲ. ಹುಡುಗಿ ಮನೆಯಲ್ಲೇ ಉಳಿಯಿತು ಎಂದು ಎಲ್ಲರೂ ನಿರಾಳವಾಗಿದ್ದರು.

ಕಡೆಯ ವರ್ಷದಲ್ಲಿ ಕಪ್ಪೆ, ಜಿರಳೆಗಳೆಲ್ಲ ಮುಗಿದು ಮನುಷ್ಯನ ಸರದಿ ಬಂತು. ಶರೀರಕ್ರಿಯಾಶಾಸ್ತ್ರವನ್ನು ನಮಗೆ ಹೇಳಿಕೊಡುತ್ತಿದ್ದವರು ವಸುಧಾ ಮೇಡಂ. ತೆಳ್ಳಗಿನ ಮೈ, ಹತ್ತಿ ಸೀರೆ, ಮೆಲ್ಲನೆಯ ದನಿ. ಲ್ಯಾಬಿನಲ್ಲಿ ಇದ್ದದ್ದು ಒಂದೇ ಸ್ಟೆತಾಸ್ಕೋಪು, ಅದೂ ಮೇಡಂ ಸ್ವಂತ ದುಡ್ಡಿನಲ್ಲಿ ತಂದದ್ದು. ಹುಡುಗರು ಕಿಟಕಿ ಕಡೆ, ನಾವು ಹುಡುಗಿಯರು ಸ್ಪೆಸಿಮನ್ ಬೀರುವಿನ ಹಿಂದೆ. ಒಬ್ಬರ ಹೃದಯವನ್ನು ಇನ್ನೊಬ್ಬರು ಕೇಳಿ, ಲಬ್ ಎಂಬ ಸದ್ದು ಯಾವುದು, ಡಬ್ ಎಂಬುದು ಯಾವುದು, ನಡುವೆ ಎಷ್ಟು ಬಿಡುವು ಎಂದು ಬರೆಯಬೇಕಿತ್ತು. ಕವಾಟಗಳು ಮುಚ್ಚಿಕೊಳ್ಳುವ ಸದ್ದು ಅದು, ಬಾಗಿಲು ಹಾಕಿದ ಸದ್ದಿನ ಹಾಗೆ, ಎಂದು ಮೇಡಂ ಹೇಳಿದ್ದರು.

ನನಗೆ ಜೋಡಿಯಾಗಿ ಸಿಕ್ಕವಳು ದಿನಾ ಹಾರನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಸಾವಿತ್ರಿ. ಮೊದಲು ನಾನು ಅವಳದನ್ನು ಕೇಳಿದೆ, ಬರೆದುಕೊಂಡೆ. ಆಮೇಲೆ ಅವಳು ನನ್ನ ಎದೆಯ ಎಡಗಡೆ ಬಿಲ್ಲೆ ಇಟ್ಟು ಕಣ್ಣು ಮುಚ್ಚಿಕೊಂಡಳು.

"ಉಸಿರು ಹಿಡ್ಕೊಂಡಿದೀಯೇನೇ ಶೈಲಾ?"

"ಇಲ್ಲ ಕಣೇ."

"ಮತ್ತೆ ಸರಿಯಾಗಿ ಕೇಳಿಸ್ತಾನೇ ಇಲ್ಲ. ಎಲ್ಲೋ ಪಕ್ಕದ ಮನೇಲಿ ಕುಟ್ಟಿದ ಹಾಗೆ ಕೇಳಿಸ್ತದೆ." ಇನ್ನೂ ಸ್ವಲ್ಪ ಹೊತ್ತು ಹುಡುಕಾಡಿ, ಬೀರುವಿನ ಹಿಂದಿನಿಂದ ತಲೆ ಹೊರಹಾಕಿ, "ಮೇಡಂ, ಇವಳ ಹೃದಯ ಸಿಕ್ತಿಲ್ಲ" ಎಂದಳು.

ಕಿಟಕಿ ಕಡೆಯ ಹುಡುಗರು ನಕ್ಕರು. ಮೇಡಂ ನಗುತ್ತಲೇ ಬಂದು ಸ್ಟೆತಾಸ್ಕೋಪು ತೆಗೆದುಕೊಂಡರು. ಎಡಗಡೆ ಇಟ್ಟರು. ನಗು ಇನ್ನೂ ತುಟಿಯ ಮೇಲಿತ್ತು. ಬಿಲ್ಲೆಯನ್ನು ನಡುವಿಗೆ ಸರಿಸಿದರು. ಮತ್ತೂ ಸರಿಸಿ ಬಲಗಡೆಗೆ ಬಂದರು. ಅಲ್ಲಿ ಅವರ ಕೈ ನಿಂತುಬಿಟ್ಟಿತು. ತುಟಿಯ ಮೇಲಿನ ನಗುವನ್ನು ತೆಗೆಯಲು ಅವರು ಮರೆತಿರಬೇಕು, ಅದು ಅಲ್ಲೇ ಒಣಗಿಕೊಂಡು ಉಳಿಯಿತು. ತಮ್ಮ ಕಿವಿಯಿಂದ ಕಡ್ಡಿಗಳನ್ನು ತೆಗೆದು ನನ್ನ ಕಿವಿಗೆ ಸಿಕ್ಕಿಸಿ, "ನೀನೇ ಕೇಳು" ಎಂದರು.

ಕೇಳಿದೆ. ನನ್ನ ಬಲ ಎದೆಯೊಳಗೆ ಯಾರೋ ದಬದಬ ಬಾಗಿಲು ಬಡಿಯುತ್ತಿದ್ದರು. ಮೇಡಂ ಬಿಲ್ಲೆಯನ್ನು ಎಡಕ್ಕೆ ಸರಿಸಿದರೆ ಅದೇ ಸದ್ದು ದೂರವಾಗುತ್ತಿತ್ತು, ಬಲಕ್ಕೆ ತಂದರೆ ಹತ್ತಿರವಾಗುತ್ತಿತ್ತು. ನಾನು ಭಯಪಟ್ಟಷ್ಟೂ ಆ ಬಡಿತ ಜೋರಾಗುತ್ತಿತ್ತು, ಜೋರಾದಷ್ಟೂ ಭಯವಾಗುತ್ತಿತ್ತು. ಇಪ್ಪತ್ತು ವರ್ಷ ನನ್ನೊಳಗೇ ಇದ್ದುಕೊಂಡು ನನಗೇ ಹೇಳದೆ ಇದ್ದ ಪ್ರಾಣಿಯೊಂದು ಅಲ್ಲಿ ಕೂತಿದೆ ಎನ್ನಿಸಿತು.

"ಮೇಡಂ, ನಾನು ಸತ್ತೋಗ್ತೀನಾ?"

"ಇಷ್ಟು ದಿನ ಸತ್ತಿಲ್ವಲ್ಲ. ಕೂತ್ಕೋ ಮೊದಲು" ಎಂದರು ಮೇಡಂ. ಹಾಗೆಂದು ಅವರೇ ಸ್ಟೂಲಿನ ಮೇಲೆ ಕೂತುಬಿಟ್ಟರು.

ಆ ಸಂಜೆ ಸಾವಿತ್ರಿ ಹಾರನಹಳ್ಳಿ ಬಸ್ಸು ಹತ್ತಿದಳು. ಸುದ್ದಿಯೂ ಅವಳ ಜೊತೆಯಲ್ಲೇ ಹತ್ತಿತು. ಬಸ್ಸಿನಿಂದ ಬಸ್ಸಿಗೆ ಬದಲಾಗುತ್ತ ಅದು ಎಲ್ಲೆಲ್ಲಿಗೆ ಹೋಯಿತೋ, ಎರಡು ದಿನ ಕಳೆದ ಮೇಲೆ ಕಣಕಟ್ಟೆಯ ತೆಂಗಿನ ತೋಟದವರೊಬ್ಬರು ಅಪ್ಪನ ಅಂಗಡಿಗೆ ಬಂದು, ಮೂಟೆ ಇಳಿಸುವುದಕ್ಕೂ ಮೊದಲೇ, "ಯಜಮಾನ್ರೇ, ನಿಮ್ಮ ಹುಡುಗಿಗೆ ಹೃದಯಾನೇ ಇಲ್ವಂತಲ್ಲ, ಹೆಂಗೆ ಓಡಾಡ್ತೈತೆ ಪಾಪ" ಎಂದು ಕೇಳಿದರಂತೆ. ಅಪ್ಪ, "ಐತೆ ಕಣಪ್ಪ, ಸ್ವಲ್ಪ ಆಚೆ ಐತೆ" ಎಂದು ಸಮಾಧಾನ ಹೇಳಿ ಕಳಿಸಿದ್ದರು.

ಮನೆಯಲ್ಲಿ ನಗಲು ಯಾರಿಗೂ ಆಗಲಿಲ್ಲ. ಅಮ್ಮ ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದರೂ ನೋಡುತ್ತ ನಿಂತಿದ್ದಳು. ಅಜ್ಜಿಯೊಬ್ಬಳು ಮಾತ್ರ ಕೊರಳಿನ ಕರಡಿಗೆಯನ್ನು, ಎಂದರೆ ಲಿಂಗವಿಟ್ಟ ಬೆಳ್ಳಿಯ ಭರಣಿಯನ್ನು, ಎತ್ತಿ ತೋರಿಸಿ, "ಲಿಂಗ ನಡು ಎದೇಲಿ ಐತೆ. ಹೃದಯ ಯಾವ ಮಗ್ಗುಲಲ್ಲಿದ್ರೂ ಅದಕ್ಕೆ ಒಂದೇ ದೂರ" ಎಂದಳು. ಅಮ್ಮನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಹಾಸನಕ್ಕೆ ಹೋದೆವು. ಎಕ್ಸ್‌ರೇ ತೆಗೆಯುವಾತ ಎದೆಯ ಮೇಲೆ ಲೋಹ ಇರಬಾರದೆಂದ. ಲಿಂಗ ಮೈಬಿಟ್ಟು ಹೋಗಬಾರದೆಂದು ಅಜ್ಜಿಯ ಅಪ್ಪಣೆಯಾಗಿತ್ತು. ಕೊನೆಗೆ ನನ್ನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಫಿಲಂ ನೋಡಿದ ಡಾಕ್ಟರು ಆತನನ್ನು ಕರೆದು, ಎಡ-ಬಲದ ಗುರುತು ಉಲ್ಟಾ ಹಾಕಿದ್ದೀಯ ಎಂದು ಗದರಿದರು. ಆತ ಎರಡನೇ ಸಲ ತೆಗೆದ. ಎರಡನೆಯದೂ ಹಾಗೇ ಬಂದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ನನ್ನನ್ನು ಮಲಗಿಸಿ ಹೊಟ್ಟೆಯ ಸ್ಕ್ಯಾನನ್ನೂ ಮಾಡಿಸಿದರು. ಹೃದಯವೊಂದೇ ಅಲ್ಲ. ಪಿತ್ತಕೋಶ ಎಡಕ್ಕೆ, ಜಠರ ಬಲಕ್ಕೆ. ಒಳಗಿರುವುದೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು.

"ಇದನ್ನ ಸರಿ ಮಾಡ್ಬೇಕಾಗುತ್ತಾ ಸಾರ್?" ಎಂದು ಅಪ್ಪ ಕೇಳಿದರು.

"ಕೆಟ್ಟಿದ್ರೆ ತಾನೇ ಸರಿ ಮಾಡೋದು? ಎಲ್ಲಾ ಚೆನ್ನಾಗಿ ಕೆಲಸ ಮಾಡ್ತಿದೆ. ಅಪೆಂಡಿಕ್ಸ್ ನೋವು ಬಂದ್ರೆ ಮಾತ್ರ ಇವರಿಗೆ ಎಡಗಡೆ ಬರುತ್ತೆ, ಅದನ್ನ ಡಾಕ್ಟರಿಗೆ ಹೇಳೋದು ಮರೀಬೇಡಿ" ಎಂದ ಅವರು, ಪೆನ್ನಿನ ಮುಚ್ಚಳ ಹಾಕುತ್ತ, "ತಂದೆ ತಾಯಿ ಸಂಬಂಧದವರಾ?" ಎಂದರು.

"ನಾನು ಇವಳಿಗೆ ಸೋದರಮಾವ" ಎಂದು ಅಪ್ಪ ಅಮ್ಮನನ್ನು ತೋರಿಸಿದರು.

"ಹತ್ತಿರದ ಸಂಬಂಧದಲ್ಲಿ ಇಂಥದ್ದು ಸ್ವಲ್ಪ ಹೆಚ್ಚು ಕಾಣುತ್ತೆ. ಅದರಿಂದಲೇ ಆಯ್ತು ಅಂತ ಹೇಳೋಕಾಗಲ್ಲ, ದೂರದವರಲ್ಲೂ ಆಗುತ್ತೆ."

ಅಮ್ಮನ ಕಿವಿಗೆ ಬಿದ್ದದ್ದು ಮೊದಲಿನ ಮಾತು ಮಾತ್ರ. ವಾಪಸು ಬರುವ ಬಸ್ಸು ಅರ್ಧ ದಾರಿಗೆ ಬಂದಿತ್ತು. ಅವಳು ಕಿಟಕಿಯ ಕಡೆ ನೋಡುತ್ತಲೇ, "ಮಾವ, ನಾವು ಮದುವೆ ಆಗ್ಬಾರ್ದಿತ್ತೇನೋ" ಎಂದಳು.

"ಆಗದೆ ಇದ್ದಿದ್ರೆ ಇವಳ ಹೃದಯ ಎಡಗಡೆನೂ ಇರ್ತಿರ್ಲಿಲ್ಲ, ಬಲಗಡೆನೂ ಇರ್ತಿರ್ಲಿಲ್ಲ" ಎಂದರು ಅಪ್ಪ. ಅಷ್ಟು ಹೇಳುವುದರೊಳಗೆ ಅವರಿಗೆ ಎರಡು ಸಲ ಉಸಿರು ಎಳೆದುಕೊಳ್ಳಬೇಕಾಯಿತು. ಕಿಟಕಿಯಿಂದ ಬರುತ್ತಿದ್ದ ಧೂಳಿನಿಂದ ಇರಬೇಕೆಂದುಕೊಂಡೆ.

ನಾನಂತೂ ಆ ದಿನಗಳಲ್ಲಿ ಬೀರುವಿನ ಕನ್ನಡಿಯ ಮುಂದೆ ನಿಲ್ಲುವುದನ್ನು ಅತಿಯಾಗಿ ಕಲಿತೆ. ಕನ್ನಡಿಯೊಳಗೆ ನಿಂತವಳ ಹೃದಯ ಅವಳ ಎಡಗಡೆ ಇರುತ್ತಿತ್ತು. ಅವಳು ಸರಿ, ನಾನು ತಪ್ಪು. ರಾತ್ರಿ ಯಾವ ಮಗ್ಗುಲಿಗೆ ಮಲಗಿದರೆ ಏನು ಎಲ್ಲಿಗೆ ಜಾರುತ್ತದೋ ಎಂದು ಅಂಗಾತ ಮಲಗತೊಡಗಿದೆ. ಪರೀಕ್ಷೆಯಲ್ಲಿ ಹೃದಯದ ಚಿತ್ರ ಬರೆಯುವಾಗ ಯಾರದನ್ನು ಬರೆಯುವುದು ಎಂದು ಒಂದು ಕ್ಷಣ ಅನುಮಾನಕ್ಕೆ ಬಿದ್ದದ್ದೂ ಉಂಟು.

ವಸುಧಾ ಮೇಡಂ ಒಂದು ಶನಿವಾರ ತಮ್ಮ ಸ್ಟೆತಾಸ್ಕೋಪನ್ನು ನನ್ನ ಕೈಗೆ ಕೊಟ್ಟರು. "ಕೆಲವು ಮನೆಗಳಲ್ಲಿ ಇನ್ನೊಬ್ಬರಿಗೂ ಹೀಗೇ ಇರುತ್ತೆ. ಎಲ್ಲರದ್ದೂ ಒಂದ್ಸಲ ಕೇಳ್ಕೊಂಡು ಬಾ. ನಿನ್ನ ಹೆದರಿಕೆನೂ ಹೋಗುತ್ತೆ" ಎಂದರು. ನಾನು ಹಿಗ್ಗಿನಿಂದ ಮನೆಗೆ ಬಂದೆ. ಮನೆಯಲ್ಲಿ ಇನ್ನೊಂದಾದರೂ ಬಲಗಡೆಯ ಹೃದಯ ಸಿಕ್ಕರೆ ನನಗೊಬ್ಬರು ಜೊತೆಯಾಗುತ್ತಾರಲ್ಲ ಎಂಬ ಆಸೆ.

ಅಜ್ಜಿಯದು ಎಡಗಡೆ ಇತ್ತು, ಆ ವಯಸ್ಸಿನಲ್ಲೂ ಗಟ್ಟಿಯಾಗಿ ಬಡಿಯುತ್ತಿತ್ತು. ಅಮ್ಮನದೂ ಎಡಗಡೆ. ಹೇಳಿದಾಗ ಅವಳು, "ಹಾಗಾದ್ರೆ ನಿನಗೊಬ್ಬಳಿಗೇ ಯಾಕೆ" ಎಂದು ಸೆರಗು ಸರಿಮಾಡಿಕೊಂಡು ಎದ್ದುಹೋದಳು. ಅಪ್ಪ ಅಂಗಡಿಯಿಂದ ಬಂದು ಜಗಲಿಯ ಮೇಲೆ ಕೂತಿದ್ದರು. ಕೊಬ್ಬರಿಯಾಗಿದೆಯೇ ಎಂದು ನೋಡಲು ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದು ಅವರ ದಿನನಿತ್ಯದ ಕೆಲಸ. ಅಂಗಿಯ ಗುಂಡಿ ಬಿಚ್ಚುತ್ತ, "ನೀರು ಬತ್ತೈತಾ ನೋಡು" ಎಂದರು.

ಬಿಲ್ಲೆ ಅವರ ಕರಡಿಗೆಗೆ ಠಣ್ ಎಂದು ತಗಲಿತು. ಅದನ್ನು ಪಕ್ಕಕ್ಕೆ ಸರಿಸಿ ಎಡಗಡೆ ಇಟ್ಟೆ. ಇಲ್ಲೂ ಎಡವೇ. ನಿರಾಸೆಯಿಂದ ತೆಗೆಯಬೇಕು, ಅಷ್ಟರಲ್ಲಿ ಹೊರಗೆ ಗೂಡ್ಸ್ ಗಾಡಿ ಹೋಗುವ ಸದ್ದು ಕೇಳಿಸಿತು. ನಮ್ಮದು ಜಂಕ್ಷನ್ ಊರು, ರೈಲಿನ ಸದ್ದು ಕೇಳದ ಗಳಿಗೆ ಕಡಿಮೆ. ಗಾಡಿ ಹೋಗಲಿ ಎಂದು ಕಾದೆ. ಹೋಗಲಿಲ್ಲ. ಕಿವಿಯಿಂದ ಕಡ್ಡಿ ತೆಗೆದೆ. ಹೊರಗೆ ರೈಲು ಇರಲಿಲ್ಲ, ಬೀದಿಯಲ್ಲಿ ಒಂದು ನಾಯಿಯೂ ಬೊಗಳುತ್ತಿರಲಿಲ್ಲ. ಮತ್ತೆ ಸಿಕ್ಕಿಸಿಕೊಂಡೆ. ಗುಡುಗುಡು ಸದ್ದು ಅಪ್ಪನ ಎದೆಯೊಳಗಿತ್ತು. ಲಬ್ ಎಂಬುದು ದಢಾರನೆ ಬಾಗಿಲು ಹಾಕಿದಷ್ಟು ಜೋರು. ಡಬ್ ಆದ ಮೇಲೆ ಬಿಡುವು ಇರಬೇಕಾದ ಕಡೆ ಆ ಗುಡುಗು. ನಡುನಡುವೆ ಒಂದು ಬಡಿತ ತಪ್ಪಿ, ಇನ್ನೊಂದು ಅದನ್ನು ಹಿಡಿಯಲು ಓಡಿಬರುತ್ತಿತ್ತು.

ನನ್ನ ಹೃದಯ ಬಲಗಡೆ ಇದೆ ಎಂದು ಕೇಳಿದ ದಿನ ಆದ ಗಾಬರಿ ಇದರ ಮುಂದೆ ಏನೂ ಅಲ್ಲ.

"ಏನಮ್ಮ, ನಂದೂ ಆ ಕಡೆನಾ?" ಎಂದರು ಅಪ್ಪ.

"ಇಲ್ಲಪ್ಪ. ಎಡಗಡೆನೇ ಇದೆ."

"ಮತ್ಯಾಕೆ ಹಂಗೆ ನೋಡ್ತೀಯ?"

ನನಗೇ ಸರಿಯಾಗಿ ಕೇಳಲು ಬಾರದೆ ಇರಬಹುದು ಎಂದು ಬಾಯಿಬಿಡಲಿಲ್ಲ. ಸೋಮವಾರ ಮೇಡಂಗೆ ಹೇಳಿದೆ. ಅವರು ಕ್ಲಾಸು ಮುಗಿಸಿ ನನ್ನ ಜೊತೆಯಲ್ಲೇ ಮನೆಗೆ ಬಂದರು. ಅಮ್ಮ ನನಗೇ ಮತ್ತೇನೋ ಆಗಿದೆಯೆಂದು ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಮೇಡಂ ಅಪ್ಪನ ಎದೆಗೆ ಬಿಲ್ಲೆ ಇಟ್ಟಾಗ ಅವಳಿಗೆ ಅರ್ಥವೇ ಆಗಲಿಲ್ಲ.

"ಅಟ್ಟ ಹತ್ತಿ ಇಳಿದ್ರೆ ಸುಸ್ತಾಗುತ್ತಾ?" ಎಂದು ಮೇಡಂ ಕೇಳಿದರು.

"ವಯಸ್ಸಾತಲ್ಲ. ಕೊಬ್ಬರಿ ಧೂಳು ಬೇರೆ."

"ಚಿಕ್ಕೋರಿದ್ದಾಗ ಕೀಲು ಊದಿ ಜ್ವರ ಏನಾದ್ರೂ ಬಂದಿತ್ತಾ?"

ಅಪ್ಪ ಯೋಚಿಸುತ್ತಿದ್ದರು. ಒಳಗಿನಿಂದ ಅಜ್ಜಿ ಹೇಳಿದಳು: "ಬಂದಿತ್ತು. ಮಂಡಿ ಮೊಣಕೈ ಎಲ್ಲ ಊದ್ಕೊಂಡು ಒಂದು ತಿಂಗಳು ಮಲಗಿದ್ದ. ಆಮೇಲೆ ತಾನಾಗೇ ಹೋಯ್ತು."

ಮೇಡಂ ಸ್ಟೆತಾಸ್ಕೋಪನ್ನು ನಿಧಾನವಾಗಿ ಮಡಿಸಿದರು. "ನಾನು ಡಾಕ್ಟರಲ್ಲ, ಪಾಠ ಮಾಡೋಳು. ಆದ್ರೆ ನೀವು ನಾಳೆನೇ ತೋರಿಸ್ಬೇಕು" ಎಂದರು.

ಅಪ್ಪ ನನ್ನತ್ತ ತಿರುಗಿ, "ಹುಡುಗೀದು ತೋರ್ಸೋಕೆ ಹೋಗಿದ್ವಿ, ಈಗ ನಂದಾ" ಎಂದು ನಗಲು ನೋಡಿದರು. ಅಮ್ಮ ಚೌಕಟ್ಟು ಹಿಡಿದಿದ್ದ ಕೈಯನ್ನು ಬಿಡದೆ ಅಲ್ಲೇ ಕೂತುಕೊಂಡಳು.

ಹಾಸನದಿಂದ ಬೆಂಗಳೂರಿಗೆ ಕಳಿಸಿದರು. ಅಲ್ಲಿನ ಡಾಕ್ಟರು ಕಾಗದದ ಮೇಲೆ ಹೃದಯದ ಚಿತ್ರ ಬರೆದು, ನಡುವಿನ ಒಂದು ಕವಾಟವನ್ನು ತೋರಿಸಿದರು. ಎರಡು ಬೆರಳು ಆರಾಮವಾಗಿ ತೂರಬೇಕಾದ ಆ ಬಾಗಿಲು ಅಪ್ಪನಲ್ಲಿ ಗಟ್ಟಿಯಾಗಿ, ಬರೀ ಪೆನ್ಸಿಲು ಹೋಗುವಷ್ಟು ಕಿರಿದಾಗಿತ್ತು. ಬಾಲ್ಯದ ಜ್ವರ ಕೀಲುಗಳನ್ನು ಬಿಟ್ಟುಹೋಗುವಾಗ ಅಲ್ಲೊಂದು ಗಾಯ ಉಳಿಸಿ ಹೋಗಿತ್ತು. ಅಷ್ಟು ವರ್ಷವೂ ಅದು ಸದ್ದಿಲ್ಲದೆ ಮುಚ್ಚಿಕೊಳ್ಳುತ್ತ ಬಂದಿತ್ತು. ಅದನ್ನು ತೆಗೆದು ಲೋಹದ ಕವಾಟ ಹಾಕಬೇಕು, ತಡಮಾಡಿದರೆ ಕಷ್ಟ ಎಂದರು. "ಹಾಕುವಾಗ ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸ್ತೀವಿ."

ನಾನು ಕೇಳಿದ್ದು ತಪ್ಪಿರಬೇಕೆಂದುಕೊಂಡೆ. ಶರೀರಕ್ರಿಯಾಶಾಸ್ತ್ರದಲ್ಲಿ ನಾನು ಉರು ಹೊಡೆದಿದ್ದ ಮೊದಲನೆಯ ವಾಕ್ಯವೇ, ಗರ್ಭದಲ್ಲಿ ಶುರುವಾದ ಹೃದಯ ಸಾಯುವವರೆಗೂ ನಿಲ್ಲುವುದಿಲ್ಲ ಎಂಬುದು. ನಿಲ್ಲಿಸುತ್ತಾರಂತೆ. ರಕ್ತವನ್ನು ಹೊರಗಿನ ಯಂತ್ರವೊಂದು ತಿರುಗಿಸುತ್ತದಂತೆ. ಆಮೇಲೆ ಮತ್ತೆ ಶುರು ಮಾಡುತ್ತಾರಂತೆ. ಡಾಕ್ಟರು ಇದನ್ನು ಮಿಲ್ಲಿನ ಬೆಲ್ಟು ಬದಲಾಯಿಸುವಷ್ಟು ಸಲೀಸಾಗಿ ಹೇಳಿದರು.

ಆಪರೇಷನ್ನಿನ ದಿನ ನರ್ಸಮ್ಮ ಅಪ್ಪನ ಕರಡಿಗೆಯನ್ನು ತಂದು ಅಮ್ಮನ ಕೈಗಿಟ್ಟಳು. ಅಮ್ಮ ಅದನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡು ಬೆಂಚಿನ ಮೇಲೆ ಕೂತಳು. ಕಾಫಿ ತಂದುಕೊಟ್ಟರೆ ಹಿಡಿಯಲು ಕೈ ಬಿಡುವಿರಲಿಲ್ಲ. ಬಹಳ ಹೊತ್ತಾದ ಮೇಲೆ ಕೇಳಿದಳು:

"ಹೃದಯ ನಿಲ್ಲಿಸ್ತಾರೆ ಅಂದ್ರಲ್ಲ. ಆ ಹೊತ್ತಲ್ಲಿ ಮಾವ ಎಲ್ಲಿರ್ತಾರೆ?"

ನಾನು ಆ ವರ್ಷ ಪ್ರಾಣಿಶಾಸ್ತ್ರದಲ್ಲಿ ಇಡೀ ಕಾಲೇಜಿಗೆ ಹೆಚ್ಚು ಅಂಕ ತೆಗೆದವಳು. ಅವಳ ಅಂಗೈಗಳ ಮೇಲೆ ನನ್ನ ಕೈಯಿಟ್ಟು ಕೂತೆ.

ಅಪ್ಪ ವಾಪಸು ಬಂದರು. ಸ್ವಲ್ಪ ಇಳಿದುಹೋಗಿದ್ದರು. ಮೊದಲ ಸಲ ಮೆಟ್ಟಿಲು ಹತ್ತಿದ ದಿನ ಮೇಲಿನ ಮೆಟ್ಟಿಲಲ್ಲಿ ನಿಂತು, ಉಸಿರು ಕಟ್ಟಲಿಲ್ಲವಲ್ಲ ಎಂದು ತಾವೇ ಬೆಚ್ಚಿಬಿದ್ದವರಂತೆ ಎದೆ ಮುಟ್ಟಿ ನೋಡಿಕೊಂಡರು. ಮನೆಗೆ ಬಂದ ಮೇಲೆ ಒಂದು ಹೊಸ ಸದ್ದು ನಮ್ಮ ಜೊತೆಗೆ ಬಂದಿತ್ತು. ಲೋಹದ ಕವಾಟ ಮುಚ್ಚಿಕೊಳ್ಳುವಾಗೆಲ್ಲ ಟಿಕ್ ಎನ್ನುತ್ತದೆ. ಹೊರಗೆ ಗದ್ದಲವಿಲ್ಲದಿದ್ದರೆ ಪಕ್ಕದಲ್ಲಿ ಕೂತವರಿಗೂ ಕೇಳಿಸುತ್ತದೆ. ಅಡಿಗೆಮನೆಯಲ್ಲಿದ್ದ ಅಮ್ಮ ಆಗಾಗ ಕೈಕೆಲಸ ನಿಲ್ಲಿಸಿ ನಡುಮನೆಗೆ ಬಂದು ಒಂದು ಗಳಿಗೆ ನಿಂತು ಹೋಗುತ್ತಿದ್ದಳು. ಯಾಕೆ ಬಂದೆ ಎಂದು ನಾವ್ಯಾರೂ ಕೇಳುತ್ತಿರಲಿಲ್ಲ.

ನನ್ನ ಎಂ.ಎಸ್ಸಿ. ಮುಗಿಯುತ್ತಲೇ ಮದುವೆಯ ಮಾತು ಎದ್ದಿತು. ಅಮ್ಮ ಹಾಕಿದ್ದು ಒಂದೇ ಷರತ್ತು: ಸಂಬಂಧದಲ್ಲಿ ಬೇಡ, ಎಷ್ಟು ದೂರದವರಾದರೂ ಸರಿ. ಹಳೇಬೀಡಿನ ಕಡೆಯಿಂದ ಒಂದು ಪ್ರಸ್ತಾಪ ಬಂತು. ಹುಡುಗ ಮಹೇಶ, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಜೊತೆಗೆ ಅವರ ದೊಡ್ಡಪ್ಪ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಮುಗಿದವು. ಬಸ್ಸಿನಲ್ಲಿ ಹೋದ ಆ ಹಳೆಯ ಸುದ್ದಿ ಹಳೇಬೀಡನ್ನೂ ಮುಟ್ಟಿತ್ತೆಂದು ಕಾಣುತ್ತದೆ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ಹುಡುಗಿಗೆ ಎದೇಲಿ ಏನೋ ಐಬು ಐತೆ ಅಂತ ಮಾತು ಕೇಳ್ದೆ" ಎಂದರು.

ಯಾರೂ ಮಾತಾಡಲಿಲ್ಲ. ಆ ಮೌನದಲ್ಲಿ ಟಿಕ್, ಟಿಕ್ ಎಂಬ ಸದ್ದು ಸ್ಪಷ್ಟವಾಗಿ ಕೇಳಿಸತೊಡಗಿತು. ದೊಡ್ಡಪ್ಪ ಗೋಡೆಯತ್ತ ನೋಡಿದರು, ಅಲ್ಲಿ ಗಡಿಯಾರವಿರಲಿಲ್ಲ. ತಮ್ಮ ಕೈಗಡಿಯಾರವನ್ನು ಕಿವಿಗೆ ಹಿಡಿದು, "ನಂದು ನಿಂತು ವರ್ಷ ಆಯ್ತು. ಎಲ್ಲಿಂದ ಬತ್ತಾ ಐತೆ ಇದು" ಎಂದರು.

"ನನ್ನಿಂದ" ಎಂದರು ಅಪ್ಪ. ಅಂಗಿಯ ಮೇಲಿನ ಗುಂಡಿಗಳನ್ನು ಬಿಚ್ಚಿ ಎದೆಯ ಉದ್ದಕ್ಕೂ ಇದ್ದ ಹೊಲಿಗೆಯ ಗುರುತು ತೋರಿಸಿದರು. "ನನ್ನ ಮಗಳ ಹೃದಯ ಬಲಗಡೆ ಐತೆ. ನೀವು ಕೇಳಿದ್ದು ನಿಜ. ಹುಟ್ಟಿದಾಗಿಂದ ಒಂದು ದಿನ ಕೆಟ್ಟಿಲ್ಲ. ನಂದು ಎಲ್ಲರ ಹಂಗೆ ಎಡಗಡೆನೇ ಇತ್ತು. ಕೆಟ್ಟಿದ್ದು ಅದು. ಕಂಡುಹಿಡಿದವಳು ಇವಳು."

ದೊಡ್ಡಪ್ಪ ಆ ಗುರುತನ್ನೂ ಅಪ್ಪನ ಮುಖವನ್ನೂ ಬಹಳ ಹೊತ್ತು ನೋಡಿ, ಕೈಗಡಿಯಾರವನ್ನು ಸುಮ್ಮನೆ ಅಂಗಿಯ ತೋಳಿನೊಳಗೆ ಸರಿಸಿಕೊಂಡರು. ಅಷ್ಟು ಹೊತ್ತೂ ತಲೆ ತಗ್ಗಿಸಿ ಕೂತಿದ್ದ ಮಹೇಶ ಮೊದಲ ಸಲ ನನ್ನ ಕಡೆ ತಿರುಗಿದರು.

"ನಮ್ಮ ಲೆಕ್ಕದಲ್ಲಿ ಎಡಗಡೆದು ಬಲಗಡೆಗೆ ಬಂದ್ರೆ ಚಿಹ್ನೆ ಬದಲಾಗುತ್ತೆ. ನಿಮ್ಮದರಲ್ಲಿ ಏನಾದ್ರೂ ಬದಲಾಗುತ್ತಾ?"

"ಇಲ್ಲ" ಎಂದೆ.

"ಸರಿ ಹಾಗಾದ್ರೆ" ಎಂದರು.

ಆ ಮೂರು ಮಾತಿನ ಮೇಲೆ ನನ್ನ ಮದುವೆಯಾಯಿತು. ಹಳೇಬೀಡಿಗೆ ಹೋದೆ. ಕೆರೆಯ ಕಡೆಯಿಂದ ಗಾಳಿ ಬೀಸುವ ಮನೆ, ಬೇಲೂರಿನ ಕಾಲೇಜಿನಲ್ಲಿ ಪಾಠದ ಕೆಲಸ, ದಿನಾ ಬಸ್ಸು. ಶರೀರಕ್ರಿಯಾಶಾಸ್ತ್ರದ ಮೊದಲ ಅಧ್ಯಾಯ ನನ್ನ ಪಾಲಿಗೇ ಬಂತು.

ಮಗು ಹುಟ್ಟುವಾಗ ಬಾಣಂತನಕ್ಕೆಂದು ಅರಸೀಕೆರೆಗೆ ಬಂದಿದ್ದೆ. ಸ್ಕ್ಯಾನಿನಲ್ಲಿ ಎಲ್ಲ ಸರಿಯಿದೆ ಎಂದು ಮೊದಲೇ ಹೇಳಿದ್ದರು. ಅಮ್ಮ ಸ್ಕ್ಯಾನನ್ನು ನಂಬಲಿಲ್ಲ. ಹೆರಿಗೆಯಾಗಿ ಕೂಸನ್ನು ಒರೆಸಿ ತಂದಾಗ, ಗಂಡೋ ಹೆಣ್ಣೋ ಎಂದು ಕೂಡ ನೋಡದೆ ಅವಳು ಅದರ ಎದೆಯ ಮೇಲೆ ಅಂಗೈಯಿಟ್ಟಳು. ಮುಖ ಬಿಗಿದಿತ್ತು. ಸ್ವಲ್ಪ ಸರಿಸಿ ಮತ್ತೆ ಇಟ್ಟಳು.

"ಎಡಗಡೆ ಐತೆ ಕಣೇ" ಎಂದಳು. ಹಾಗೆಂದವಳೇ ಗೋಡೆಯ ಕಡೆ ತಿರುಗಿ ಅಳತೊಡಗಿದಳು. ಹಾಸನದ ಆ ಬಸ್ಸಿನಿಂದ ಇಳಿದ ಮೇಲೆ ಅವಳು ಆ ವಿಷಯವನ್ನು ಒಂದು ಸಲವೂ ಎತ್ತಿರಲಿಲ್ಲ. ಮರೆತಿದ್ದಾಳೆ ಎಂದು ನಾನು ತಿಳಿದಿದ್ದೆ. ನನ್ನ ಗಾಬರಿ ಒಂದೆರಡು ತಿಂಗಳಲ್ಲಿ ಮುಗಿದಿತ್ತು. ಅವಳು ತನ್ನದನ್ನು ಇಷ್ಟು ವರ್ಷ ಹೊತ್ತುಕೊಂಡೇ ಅಡಿಗೆ ಮಾಡಿದ್ದಳು, ನನಗೆ ಮದುವೆ ಮಾಡಿದ್ದಳು, ಅಪ್ಪನನ್ನು ಉಳಿಸಿಕೊಂಡಿದ್ದಳು.

ನನಗೆ ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಅದರ ಅಡಿಯಲ್ಲೆಲ್ಲೋ ಒಂದು ಸಣ್ಣ ನಿರಾಸೆ ಮಿಸುಕಿತು. ಹುಟ್ಟಿದ ಮಗಳೂ ನನ್ನ ಕಡೆಯವಳಲ್ಲ ಎಂದು. ಹೆತ್ತ ಗಳಿಗೆಯಲ್ಲಿ ಇದೆಂಥ ಯೋಚನೆ ಎಂದು ನನಗೇ ದಿಗಿಲಾಯಿತು.

ಅಮ್ಮ ಕಣ್ಣೊರೆಸಿಕೊಂಡು ಮಗುವನ್ನು ತಂದು ನನ್ನ ಎದೆಯ ಮೇಲೆ ಬೋರಲಾಗಿ ಮಲಗಿಸಿದಳು. ಮೊದಲು ನನಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ನನ್ನ ಬಲ ಎದೆಯಲ್ಲಿ ಎರಡು ಬಡಿತ ಕೇಳಿಸುತ್ತಿದ್ದವು, ಒಂದು ನಿಧಾನ, ಇನ್ನೊಂದು ಹಕ್ಕಿಯಂತೆ ವೇಗ. ಆಮೇಲೆ ಹೊಳೆಯಿತು. ಬೇರೆ ತಾಯಂದಿರು ಮಗುವನ್ನು ಎದೆಗೆ ಎದೆ ಕೊಟ್ಟು ಮಲಗಿಸಿಕೊಂಡರೆ ಅವರ ಹೃದಯ ಒಂದು ಮಗ್ಗುಲಿಗೆ, ಮಗುವಿನದು ಇನ್ನೊಂದು ಮಗ್ಗುಲಿಗೆ ಬರುತ್ತದೆ. ನನ್ನದು ಬಲಗಡೆ, ಅವಳದು ಎಡಗಡೆ. ಅವಳದು ಬಂದು ನೇರವಾಗಿ ನನ್ನದರ ಮೇಲೆ ಕೂತಿತ್ತು.